ಡಾಕ್ಟರ್ ಆಗುವ ಮೊದಲೇ ಪರದೇಶದ ಆಸ್ಪತ್ರೆಗೆ: ಹೊರಡುವ ಮಕ್ಕಳಿಗೆ ಏನು ಕಲಿಸಿರಬೇಕು?

ಹೋದ ತಿಂಗಳು ನ್ಯೂಜೆರ್ಸಿಯಿಂದ ನನ್ನ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. "ಅಕ್ಕಾ, ನಮ್ಮ ಹುಡುಗ ಈ ಸಲ ರಜೆಗೆ ಒಂದು ತಿಂಗಳು ಊರಿಗೆ ಬರ್ತಾನೆ. ಅವರ ದೊಡ್ಡಪ್ಪನ ನರ್ಸಿಂಗ್ ಹೋಮ್ ಇದೆಯಲ್ಲ, ಅಲ್ಲಿರ್ತಾನೆ. ಒಂದೆರಡು ಹೆರಿಗೆ ನೋಡ್ಲಿ, ಹೊಲಿಗೆ ಹಾಕೋದು, ಇಂಜೆಕ್ಷನ್ ಕೊಡೋದು ಕಲೀಲಿ. ಇಲ್ಲಿ ಅದನ್ನೆಲ್ಲ ಮುಟ್ಟೋಕೂ ಬಿಡಲ್ಲ. ಮೆಡಿಕಲ್ ಕಾಲೇಜಿನ ಅರ್ಜಿಗೆ ಒಳ್ಳೇದಾಗುತ್ತೆ" ಅಂದಳು. ಹುಡುಗನಿಗೆ 19 ವರ್ಷ. ಬುದ್ಧಿವಂತ, ಮನಸ್ಸೂ ಒಳ್ಳೆಯದು. ಅವಳ ಮಾತಿನಲ್ಲೂ ಕೆಟ್ಟ ಉದ್ದೇಶ ಏನೂ ಇರಲಿಲ್ಲ. ಆದರೆ "ಇಲ್ಲಿ ಮುಟ್ಟೋಕೂ ಬಿಡಲ್ಲ" ಅಂದಳಲ್ಲ, ಆ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. ಅಲ್ಲಿ ಬಿಡದ ಕೆಲಸವನ್ನು ಇಲ್ಲಿ ಯಾಕೆ ಬಿಡಬೇಕು?

ನಾನು ಡಾಕ್ಟರ್ ಅಲ್ಲ. ಹಾಸನದ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಕೆಲವು ವರ್ಷ ದುಭಾಷಿಯಾಗಿದ್ದೆ. ಅಮೆರಿಕ, ಕೆನಡಾ, ಇಂಗ್ಲೆಂಡಿನಿಂದ ಬರುತ್ತಿದ್ದ ವಿದ್ಯಾರ್ಥಿಗಳಿಗೆ ರೋಗಿಗಳ ಕನ್ನಡವನ್ನು ಇಂಗ್ಲಿಷಿನಲ್ಲಿ ಹೇಳುವುದು, ಅವರ ಇಂಗ್ಲಿಷನ್ನು ರೋಗಿಗಳಿಗೆ ಕನ್ನಡದಲ್ಲಿ ಹೇಳುವುದು, ಇಷ್ಟೇ ಕೆಲಸ. ಇಬ್ಬರ ನಡುವೆ ನಿಂತವರಿಗೆ ಇಬ್ಬರಿಗೂ ಕಾಣದ ಕೆಲವು ಸಂಗತಿ ಕಾಣುತ್ತವೆ. ತಂಗಿಗೆ ಅವತ್ತು ಒಂದು ಗಂಟೆ ಹೇಳಿದ್ದನ್ನು ಸ್ವಲ್ಪ ಜೋಡಿಸಿ ಇಲ್ಲಿ ಬರೆಯುತ್ತಿದ್ದೇನೆ. ಹೊರದೇಶದಲ್ಲಿ ಮಕ್ಕಳನ್ನು ಓದಿಸುತ್ತಿರುವ ಕನ್ನಡದವರಿಗೂ, ಇಲ್ಲಿಂದ ಆಫ್ರಿಕಾಕ್ಕೋ ನೇಪಾಳಕ್ಕೋ ಹೊರಡುವ ನಮ್ಮ ವಿದ್ಯಾರ್ಥಿಗಳಿಗೂ ಉಪಯೋಗ ಆಗಬಹುದು.

ಮೊದಲು ಒಂದು ಗೊಂದಲ ಬಿಡಿಸಬೇಕು. ನಮ್ಮಲ್ಲಿ ಪಿಯುಸಿ ಮುಗಿಸಿ ನೀಟ್ ಬರೆದು ನೇರವಾಗಿ ಎಂಬಿಬಿಎಸ್ ಸೇರುತ್ತಾರೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಮೊದಲು ನಾಲ್ಕು ವರ್ಷದ ಪದವಿ, ಅದಾದ ಮೇಲೆ ಮೆಡಿಕಲ್ ಕಾಲೇಜು. ಆ ಮೊದಲ ನಾಲ್ಕು ವರ್ಷದಲ್ಲಿ ಡಾಕ್ಟರ್ ಆಗುವ ಆಸೆ ಇಟ್ಟುಕೊಂಡು ಓದುವವರನ್ನು ಪ್ರೀ-ಮೆಡ್ ಅಂತ ಕರೆಯುತ್ತಾರೆ. ಅಂದರೆ ಅವರು ನಮ್ಮ ಬಿಎಸ್ಸಿ ಹುಡುಗರ ಹಾಗೆ. ಅಂಗರಚನಾಶಾಸ್ತ್ರವನ್ನೂ ಸರಿಯಾಗಿ ಓದಿರುವುದಿಲ್ಲ, ರೋಗಿಯನ್ನು ಮುಟ್ಟಿ ನೋಡಿರುವುದಿಲ್ಲ. ಆದರೆ ಮೆಡಿಕಲ್ ಕಾಲೇಜಿನ ಸೀಟಿಗೆ ಪೈಪೋಟಿ ಜಾಸ್ತಿ. ಆಸ್ಪತ್ರೆಯ ಅನುಭವ ಇದೆ ಅಂತ ಅರ್ಜಿಯಲ್ಲಿ ತೋರಿಸಬೇಕು. ಹಾಗಾಗಿ ಬೇಸಿಗೆ ರಜೆಯಲ್ಲಿ ಗ್ವಾಟೆಮಾಲ, ಹೊಂಡುರಾಸ್, ಘಾನಾ, ಉಗಾಂಡ, ಭಾರತ ಹೀಗೆ ಎಲ್ಲೆಲ್ಲಿಗೋ ಹೊರಡುತ್ತಾರೆ. ಅವರನ್ನು ಕರೆದುಕೊಂಡು ಹೋಗುವುದೇ ಒಂದು ವ್ಯಾಪಾರ ಆಗಿದೆ. ಹಣ ಕಟ್ಟಿಸಿಕೊಂಡು "ನಿಮ್ಮ ಕೈಯಾರೆ ರೋಗಿಗಳನ್ನು ನೋಡಬಹುದು" ಅಂತ ಜಾಹೀರಾತು ಕೊಡುವವರೂ ಇದ್ದಾರೆ.

ಈಗ ನಮ್ಮ ಕಡೆಯಿಂದ ನೋಡಿ. ಬೆಳಗಿನ ಬಸ್ಸು ಹಿಡಿದು ಆಸ್ಪತ್ರೆಗೆ ಬಂದ ಒಬ್ಬ ಅಜ್ಜಿಗೆ ಪ್ರೀ-ಮೆಡ್ ಅಂದರೆ ಏನು ಗೊತ್ತಿರುತ್ತೆ? ಒಂದು ಸಲ ಒಬ್ಬ ಹುಡುಗಿ ಬಿಳಿ ಕೋಟು ಹಾಕಿ, ಕೊರಳಿಗೆ ಸ್ಟೆತಾಸ್ಕೋಪ್ ಹಾಕಿಕೊಂಡು ಡಾಕ್ಟರ್ ಪಕ್ಕ ನಿಂತಿದ್ದಳು. ಇಪ್ಪತ್ತು ವರ್ಷದ ಹುಡುಗಿ, ಓದುತ್ತಿದ್ದದ್ದು ಜೀವಶಾಸ್ತ್ರ. ಡಾಕ್ಟರ್ ಎದ್ದು ವಾರ್ಡಿಗೆ ಹೋದರು. ಎದುರಿಗಿದ್ದ ಅಜ್ಜಿ ಸೀದಾ ಅವಳ ಕೈ ಹಿಡಿದುಕೊಂಡು "ಡಾಕ್ಟ್ರವ್ವ, ನೀನಾದ್ರೂ ವಸಿ ನೋಡವ್ವ, ಇವರು ಕೊಟ್ಟ ಮಾತ್ರೆಲಿ ಏನೂ ಆಗಲಿಲ್ಲ" ಅಂದರು. ಆ ಹುಡುಗಿ ನನ್ನ ಮುಖ ನೋಡಿದಳು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವಳಿಗೆ ಏನು ಮಾಡಬೇಕೋ ತಿಳಿಯಲಿಲ್ಲ, ಸ್ಟೆತಾಸ್ಕೋಪ್ ತೆಗೆದು ಅಜ್ಜಿಯ ಎದೆಗೆ ಇಟ್ಟಳು. ಅಜ್ಜಿಯ ಮುಖ ಅರಳಿತು. ಬಿಳಿ ಡಾಕ್ಟರ್ ನೋಡಿದರು, ಇನ್ನೇನು ಬೇಕು? ಆಮೇಲೆ ಆ ಅಜ್ಜಿ ಹಳೇ ಮಾತ್ರೆ ಬಿಟ್ಟುಬಿಟ್ಟರು ಅಂತ ಅವರ ಊರಿನ ಆಶಾ ಕಾರ್ಯಕರ್ತೆಯಿಂದ ನನಗೆ ಗೊತ್ತಾಯಿತು. ಅದು ಬಿಪಿ ಮಾತ್ರೆ. ದೊಡ್ಡ ಡಾಕ್ಟರವ್ವ ನೋಡಿ ಏನೂ ಹೇಳಲಿಲ್ಲ, ಅಂದರೆ ಕಾಯಿಲೆ ಇಲ್ಲ ಅಂತ ಅವರು ತಿಳಿದುಕೊಂಡಿದ್ದರು. ಪುಣ್ಯಕ್ಕೆ ಏನೂ ಹೆಚ್ಚುಕಮ್ಮಿ ಆಗಲಿಲ್ಲ.

ಇದರಲ್ಲಿ ಆ ಹುಡುಗಿಯನ್ನು ಬೈಯಲು ನನಗೆ ಮನಸ್ಸಿಲ್ಲ. ಅವಳಿಗೆ ಯಾರೂ ಹೇಳಿ ಕಳಿಸಿರಲಿಲ್ಲ. ಕೋಟು ಹಾಕಿಕೊಳ್ಳಬೇಡ, ಹಾಕಿದರೆ ಜನ ನಿನ್ನನ್ನು ಡಾಕ್ಟರ್ ಅಂತಲೇ ತಿಳಿಯುತ್ತಾರೆ ಅನ್ನುವುದನ್ನು ವಿಮಾನ ಹತ್ತುವ ಮೊದಲು ಕಲಿಸಬೇಕಿತ್ತು. ಯಾರಾದರೂ ಕೈ ಹಿಡಿದು ಕೇಳಿದಾಗ ಏನು ಹೇಳಬೇಕು ಅನ್ನುವುದನ್ನೂ ಕಲಿಸಬೇಕಿತ್ತು. ಬಂದ ಮೊದಲ ವಾರದಲ್ಲೇ ಇಂಥದ್ದು ಆಗೇ ಆಗುತ್ತೆ. ಆ ಕ್ಷಣದಲ್ಲಿ ಯೋಚನೆ ಮಾಡಲು ಸಮಯ ಇರುವುದಿಲ್ಲ.

ಹಾಗಾದರೆ ನಿಯಮ ಏನು? ಕೇಳಲು ಸುಲಭ. ನಿನ್ನ ದೇಶದಲ್ಲಿ, ನಿನ್ನ ಓದಿನ ಈ ಹಂತದಲ್ಲಿ, ಯಾವ ಕೆಲಸ ಮಾಡಲು ನಿನಗೆ ಅನುಮತಿ ಇಲ್ಲವೋ ಅದನ್ನು ಹೊರದೇಶದಲ್ಲೂ ಮಾಡಬಾರದು. ಅದರ ಮೇಲೆ, ಹೋದ ದೇಶದ ಕಾನೂನು ಇನ್ನೂ ಬಿಗಿಯಾಗಿದ್ದರೆ ಅದೇ ನಿನ್ನ ಗೆರೆ. ಅಮೆರಿಕದ ಮೆಡಿಕಲ್ ಕಾಲೇಜುಗಳ ಒಕ್ಕೂಟ 2011ರಲ್ಲಿ ಇದಕ್ಕೆಂದೇ ಮಾರ್ಗಸೂಚಿ ಹೊರಡಿಸಿತು. ಹೊರದೇಶದಲ್ಲಿ ವಿದ್ಯಾರ್ಥಿಯ ಮುಖ್ಯ ಕೆಲಸ ನೋಡಿ ಕಲಿಯುವುದು, ಚಿಕಿತ್ಸೆ ಕೊಡುವುದಲ್ಲ ಅನ್ನುವುದು ಅದರ ತಿರುಳು. ಅದರಲ್ಲಿ ಇನ್ನೊಂದು ಮಾತೂ ಇದೆ, ತಂಗಿಗೆ ನಾನು ಅದನ್ನೇ ಒತ್ತಿ ಹೇಳಿದೆ. ತರಬೇತಿ ಇಲ್ಲದೆ ರೋಗಿಗಳಿಗೆ ಚಿಕಿತ್ಸೆ ಮಾಡಿದ್ದನ್ನು ಅರ್ಜಿಯಲ್ಲಿ ಬರೆದರೆ ಅದು ಸೀಟಿಗೆ ಸಹಾಯ ಮಾಡುವ ಬದಲು ಅಡ್ಡ ಬರಬಹುದು. ಆಯ್ಕೆ ಮಾಡುವವರು ಅದನ್ನು ಓದಿ ಈ ಹುಡುಗನಿಗೆ ತನ್ನ ಮಿತಿ ಗೊತ್ತಿಲ್ಲ ಅಂದುಕೊಳ್ಳುತ್ತಾರೆ. ಅವಳಿಗೆ ಇದು ಗೊತ್ತೇ ಇರಲಿಲ್ಲ. ಅಲ್ಲಿನ ಎಷ್ಟೋ ನಮ್ಮ ಅಪ್ಪ ಅಮ್ಮಂದಿರಿಗೆ ಗೊತ್ತಿಲ್ಲ.

ನಮ್ಮ ಕಾನೂನೂ ಸ್ಪಷ್ಟವಾಗಿದೆ. 2019ರ ನ್ಯಾಷನಲ್ ಮೆಡಿಕಲ್ ಕಮಿಷನ್ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದೆ ವೈದ್ಯವೃತ್ತಿ ಮಾಡಿದರೆ 1 ವರ್ಷದವರೆಗೆ ಜೈಲು, ಇಲ್ಲವೇ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದೊಡ್ಡಪ್ಪನ ನರ್ಸಿಂಗ್ ಹೋಮ್ ಅಂದ ಮಾತ್ರಕ್ಕೆ ಇದರಲ್ಲಿ ವಿನಾಯಿತಿ ಇಲ್ಲ.

ಇದನ್ನು ತಿರುಗಿಸಿ ನೋಡಿದರೆ ಇನ್ನೂ ಚೆನ್ನಾಗಿ ಅರ್ಥ ಆಗುತ್ತೆ. ನಮ್ಮ ಹುಡುಗರು ಐದೂವರೆ ವರ್ಷ ಎಂಬಿಬಿಎಸ್ ಓದಿ, ಹೌಸ್ ಸರ್ಜನ್ಸಿಯಲ್ಲಿ ರಾತ್ರಿಯಿಡೀ ಕ್ಯಾಶುಯಾಲಿಟಿಯಲ್ಲಿ ನಿಂತು, ನೂರಾರು ಹೊಲಿಗೆ ಹಾಕಿ, ಅಲ್ಲಿ ಡಾಕ್ಟರ್ ಆಗಲು ಬೇಕಾದ ಯುಎಸ್‌ಎಂಎಲ್‌ಇ ಪರೀಕ್ಷೆಗೆ ತಯಾರಾಗಿ ಅಮೆರಿಕಕ್ಕೆ ಹೋಗುತ್ತಾರೆ. ಅಲ್ಲಿ ಅವರಿಗೆ ಸಾಮಾನ್ಯವಾಗಿ ಸಿಗುವುದು ಅಬ್ಸರ್ವರ್‌ಶಿಪ್. ಹೆಸರೇ ಹೇಳುವ ಹಾಗೆ ನಿಂತು ನೋಡುವುದು. ರೋಗಿಯನ್ನು ಮುಟ್ಟುವ ಹಾಗಿಲ್ಲ. ಅದು ಸರಿಯೇ, ಅಲ್ಲಿನ ರೋಗಿಯ ಸುರಕ್ಷತೆಗೆ ಮಾಡಿದ ನಿಯಮ ಅದು. ಆದರೆ ಡಾಕ್ಟರೇ ಆದವರು ಅಲ್ಲಿ ಕೈಕಟ್ಟಿ ನಿಲ್ಲಬೇಕಾದರೆ, ಇನ್ನೂ ಮೆಡಿಕಲ್ ಕಾಲೇಜಿನ ಮೆಟ್ಟಿಲು ಹತ್ತದವರು ಇಲ್ಲಿ ಗ್ಲೌಸ್ ಹಾಕಿಕೊಳ್ಳುವುದು ಹೇಗೆ ಸರಿ? ನಮ್ಮ ಅಜ್ಜಿಯ ಮೈ ಏನು ಕಲಿಯುವವರ ಸ್ಲೇಟಾ?

"ಆದರೆ ಅಲ್ಲಿ ಯಾರೂ ಇಲ್ಲವಲ್ಲ, ಏನೂ ಇಲ್ಲದ್ದಕ್ಕಿಂತ ಇವರಾದರೂ ಇರಲಿ" ಅನ್ನುವ ವಾದ ತುಂಬಾ ಕೇಳುತ್ತೇವೆ. ಇದರ ಅಪಾಯ ಏನು ಅಂತ ನೋಡಲು ಉಗಾಂಡದ ಜಿಂಜಾ ಊರಿಗೆ ಹೋಗಬೇಕು. ಇಪ್ಪತ್ತರ ಆಸುಪಾಸಿನ ಒಬ್ಬ ಅಮೆರಿಕದ ಹುಡುಗಿ, ವೈದ್ಯಕೀಯ ಓದಿಲ್ಲದವಳು, ಅಪೌಷ್ಟಿಕತೆಯಿಂದ ಬಳಲುವ ಮಕ್ಕಳಿಗಾಗಿ ಅಲ್ಲಿ ಒಂದು ಕೇಂದ್ರ ತೆರೆದಳು. ಮೊದಲ ಕೆಲವು ವರ್ಷ ಅದಕ್ಕೆ ಆಸ್ಪತ್ರೆಯ ಲೈಸೆನ್ಸ್ ಇರಲಿಲ್ಲ. 2010ರಿಂದ 2015ರ ನಡುವೆ ಸುಮಾರು 940 ಮಕ್ಕಳು ಅಲ್ಲಿ ದಾಖಲಾದರು, 105 ಮಕ್ಕಳು ತೀರಿಕೊಂಡರು. ಮಕ್ಕಳನ್ನು ಕಳೆದುಕೊಂಡ ಇಬ್ಬರು ತಾಯಂದಿರು ಉಗಾಂಡದ ಒಂದು ಮಹಿಳಾ ಕಾನೂನು ಸಂಸ್ಥೆಯ ಜೊತೆ 2019ರಲ್ಲಿ ಕೋರ್ಟಿಗೆ ಹೋದರು. ತಾನು ಡಾಕ್ಟರ್ ಅಂತ ಹೇಳಿಕೊಂಡಿಲ್ಲ, ಉಗಾಂಡದ ಸಿಬ್ಬಂದಿಯ ಜೊತೆ ಕೆಲಸ ಮಾಡಿದೆ ಅನ್ನುವುದು ಅವಳ ಉತ್ತರ. 2020ರಲ್ಲಿ ತಪ್ಪು ಒಪ್ಪಿಕೊಳ್ಳದೆಯೇ ರಾಜಿ ಆಯಿತು. ಯಾರ ತಪ್ಪು ಎಷ್ಟು ಅನ್ನುವುದನ್ನು ನಾನು ಇಲ್ಲಿ ತೀರ್ಮಾನ ಮಾಡುವುದಿಲ್ಲ. ಆದರೆ ತೀವ್ರ ಅಪೌಷ್ಟಿಕತೆ ಇರುವ ಮಗುವಿಗೆ ಊಟ ಕೊಡುವುದೇ ಒಂದು ವೈದ್ಯಕೀಯ ಕೆಲಸ. ಜಾಸ್ತಿ ಬೇಗ ಕೊಟ್ಟರೂ, ಡ್ರಿಪ್ ತಪ್ಪಾಗಿ ಏರಿಸಿದರೂ ಹೃದಯ ನಿಲ್ಲಬಹುದು. ಒಳ್ಳೆಯ ಮನಸ್ಸಿನಿಂದ ಕೊಟ್ಟ ಹಾಲೂ ಅಂಥ ಮಗುವಿನ ಪ್ರಾಣಕ್ಕೆ ಕುತ್ತು ತರಬಹುದು.

ಈ ಕೇಸು ಕೋರ್ಟಿಗೆ ಹೋಗುವ ಮೊದಲೇ, ಇಂಥ ಅಪಾಯ ಕಂಡು ಕೆಲವು ವಿಶ್ವವಿದ್ಯಾಲಯಗಳು ಎಚ್ಚೆತ್ತುಕೊಂಡಿದ್ದವು. ಮಿನೆಸೋಟ ವಿಶ್ವವಿದ್ಯಾಲಯ ಗ್ಲೋಬಲ್ ಅಂಬಾಸಿಡರ್ಸ್ ಫಾರ್ ಪೇಷೆಂಟ್ ಸೇಫ್ಟಿ ಅನ್ನುವ ಆನ್‌ಲೈನ್ ಕಾರ್ಯಾಗಾರ ಮಾಡಿತು. ಹೆಸರು ಗಮನಿಸಿ, ಅದರಲ್ಲಿ ಎದ್ದು ಕಾಣುವುದು ರೋಗಿಯ ಸುರಕ್ಷತೆ. ಜಾನ್ಸ್ ಹಾಪ್‌ಕಿನ್ಸ್ ಮತ್ತು ಸ್ಟ್ಯಾನ್‌ಫರ್ಡ್ ಸೇರಿ ಇಕ್ಕಟ್ಟಿನ ಸಂದರ್ಭಗಳನ್ನೇ ಕಥೆಯಾಗಿ ಇಟ್ಟು ಒಂದು ಆನ್‌ಲೈನ್ ಪಾಠ ರೂಪಿಸಿದವು. ಹೊರದೇಶದ ಆರೋಗ್ಯ ತರಬೇತಿಯಲ್ಲಿ ಸರಿ ತಪ್ಪು ಯಾವುದು ಅಂತ ಹೇಳಲೆಂದೇ ಸೇರಿದ ವೆಯ್ಟ್ ಅನ್ನುವ ತಂಡ 2010ರಲ್ಲಿ ಮಾರ್ಗಸೂಚಿ ತಂದಿತು. ಅದು ವಿದ್ಯಾರ್ಥಿಗೆ ಮಾತ್ರ ಬುದ್ಧಿ ಹೇಳದೆ, ಕಳಿಸುವ ಸಂಸ್ಥೆ, ಬರಮಾಡಿಕೊಳ್ಳುವ ಸಂಸ್ಥೆ, ಹಣ ಕೊಡುವವರು ಎಲ್ಲರ ಜವಾಬ್ದಾರಿಯನ್ನೂ ಹೇಳಿತು. ನನಗೆ ಅದು ತುಂಬಾ ಹಿಡಿಸಿತು. ಇಪ್ಪತ್ತು ವರ್ಷದ ಮಗುವಿನ ತಲೆಗೆ ಎಲ್ಲ ಹೊರೆ ಹೊರಿಸಿ ದೊಡ್ಡವರು ಕೈ ತೊಳೆದುಕೊಳ್ಳುವುದು ಸರಿಯಲ್ಲ.

ಹೊರಡುವ ಮೊದಲಿನ ತರಬೇತಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ನನ್ನ ಅನುಭವದಲ್ಲಿ, "ಆಗಲ್ಲ" ಅನ್ನಲು ಕಲಿಯುವುದು. ಓದಿ ತಿಳಿಯುವುದು ಬೇರೆ, ಬಾಯಿಬಿಟ್ಟು ಹೇಳುವುದು ಬೇರೆ. ಯಾಕೆಂದರೆ ಕೆಲಸ ಕೊಡುವವರು ಸಾಮಾನ್ಯವಾಗಿ ಕೆಟ್ಟವರಾಗಿರುವುದಿಲ್ಲ. ಊರಿನ ಡಾಕ್ಟರೇ ಪ್ರೀತಿಯಿಂದ "ಬಾರಮ್ಮ, ನೀನೂ ಒಂದು ಹೊಲಿಗೆ ಹಾಕು" ಅನ್ನುತ್ತಾರೆ. ದೂರದಿಂದ ಬಂದಿದ್ದಾಳೆ, ಬರಿಗೈಲಿ ಹೋಗಬಾರದು ಅನ್ನುವ ಅತಿಥಿ ಸತ್ಕಾರ ಅದು. ಹಿರಿಯರ ಮಾತಿಗೆ ಎದುರಾಡಿದ ಹಾಗಾಗುತ್ತೆ ಅನ್ನುವ ಭಯ ವಿದ್ಯಾರ್ಥಿಗೆ. ಆದ್ದರಿಂದ ಆ ಮಾತನ್ನು ಮೊದಲೇ ಬಾಯಿಪಾಠ ಮಾಡಿಸಬೇಕು. ನಾವು ಆಮೇಲಾಮೇಲೆ ಬಂದವರಿಗೆ ಮೊದಲ ದಿನವೇ ಹೀಗೆ ಕಲಿಸುತ್ತಿದ್ದೆವು: "ಸರ್, ತುಂಬಾ ಥ್ಯಾಂಕ್ಸ್. ನನಗೆ ಇದರ ತರಬೇತಿ ಆಗಿಲ್ಲ, ನಮ್ಮ ಕಾಲೇಜು ಒಪ್ಪುವುದಿಲ್ಲ. ನೀವು ಮಾಡುವುದನ್ನು ಹತ್ತಿರದಿಂದ ನೋಡಬಹುದಾ?" ಕಾಲೇಜಿನ ಹೆಸರು ಮುಂದೆ ಇಟ್ಟರೆ ಯಾರಿಗೂ ಮುಖಭಂಗ ಆಗುವುದಿಲ್ಲ. ಹೇಳಿದ ಮೇಲೆ ಹಿರಿಯ ಡಾಕ್ಟರಿಗೂ ನಿರಾಳ ಆಗಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಇನ್ನು ನನ್ನ ಕೆಲಸದ ವಿಷಯ, ಭಾಷೆ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕೆಂದರೆ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಮ್ಮ ಜನ "ಹೂಂ" ಅನ್ನುತ್ತಾರಲ್ವಾ? ಅದು ಒಪ್ಪಿಗೆ ಅಲ್ಲ. "ನೀವು ಹೇಳಿದ್ದು ಕಿವಿಗೆ ಬಿತ್ತು" ಅಂತ ಅಷ್ಟೇ. ವಿದ್ಯಾರ್ಥಿ ಕೇಳುತ್ತಾನೆ, ನಾನು ಪರೀಕ್ಷೆ ಮಾಡುವಾಗ ಒಳಗಿರಬಹುದಾ ಅಂತ. ನಾನು ಕನ್ನಡದಲ್ಲಿ ಕೇಳುತ್ತೇನೆ. ಆ ಹೆಂಗಸು "ಹೂಂ ಕಣವ್ವ" ಅನ್ನುತ್ತಾಳೆ, ಕಣ್ಣು ಮಾತ್ರ ಕೆಳಗೆ. ಅದು ಹೂಂ ಅಲ್ಲ ಅಂತ ಕನ್ನಡದ ಯಾವ ಹೆಂಗಸಿಗಾದರೂ ಗೊತ್ತು. ಅವನಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ನಾನು ಪ್ರಶ್ನೆಯನ್ನೇ ಬದಲಾಯಿಸಿಕೊಂಡೆ. "ಈ ಹುಡುಗ ಹೊರಗಿರಲಾ, ಒಳಗಿರಲಾ? ಹೊರಗಿದ್ದರೂ ನಿಮ್ಮ ಔಷಧಿಗೆ ಏನೂ ತೊಂದರೆ ಇಲ್ಲ" ಅಂತ ಕೇಳತೊಡಗಿದೆ. ಆಮೇಲೆ ಎಷ್ಟು ಜನ "ಹೊರಗೇ ಇರ್ಲಿ" ಅಂದರು ಗೊತ್ತಾ? ಬೇಡ ಅಂದರೆ ಚಿಕಿತ್ಸೆ ಸಿಗುವುದಿಲ್ಲವೋ ಏನೋ ಅನ್ನುವ ಹೆದರಿಕೆ ಇರುವ ತನಕ ಯಾವ ಒಪ್ಪಿಗೆಯೂ ಒಪ್ಪಿಗೆ ಅಲ್ಲ. ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೂ ಅಷ್ಟೇ.

ಕಾಯಿಲೆಯ ಮಾತೂ ಹಾಗೇ. ನಮ್ಮವರು ಎದೆ ಹಿಡಿದುಕೊಂಡು "ಗ್ಯಾಸ್ಟ್ರಿಕ್ ಆಗಿದೆ" ಅನ್ನುತ್ತಾರೆ. ಅದನ್ನು ಇದ್ದ ಹಾಗೇ ಅನುವಾದ ಮಾಡಿದರೆ ಕೇಳಿದವನಿಗೆ ಹೊಟ್ಟೆಯ ತೊಂದರೆ ಅನಿಸುತ್ತೆ. ಅದು ಹೃದಯಾಘಾತವೂ ಆಗಿರಬಹುದು. "ಸುಸ್ತು" ಅಂದರೆ ರಕ್ತಹೀನತೆ ಇರಬಹುದು, ಶುಗರ್ ಇರಬಹುದು, ಗಂಡ ಕುಡಿದು ಬಂದು ಹೊಡೆಯುತ್ತಾನೆ ಅನ್ನುವುದೂ ಇರಬಹುದು. "ಬಿಳಿ ಸೆರಗು" ಅನ್ನುವುದನ್ನು ಹೆಂಗಸರು ಗಂಡು ದುಭಾಷಿಯ ಮುಂದೆ ಬಾಯಿಬಿಟ್ಟು ಹೇಳುವುದೇ ಇಲ್ಲ. ಹದಿನೈದು ದಿನಕ್ಕೆ ಬಂದು ನೂರು ಪದ ಕಲಿತ ವಿದ್ಯಾರ್ಥಿಗೆ ಇದು ಹಿಡಿಯುವುದಿಲ್ಲ, ಹಿಡಿಯಬೇಕು ಅಂತಲೂ ನಾನು ಹೇಳುತ್ತಿಲ್ಲ. ತನಗೆ ಹಿಡಿಯುತ್ತಿಲ್ಲ ಅನ್ನುವುದು ಅವನಿಗೆ ಗೊತ್ತಿದ್ದರೆ ಸಾಕು. ಗ್ವಾಟೆಮಾಲಕ್ಕೆ ಸ್ಪ್ಯಾನಿಷ್ ಕಲಿತು ಹೋದವರಿಗೂ ಇದೇ ಅನುಭವ ಆಗುತ್ತೆ. ಬೆಟ್ಟದ ಊರುಗಳಲ್ಲಿ ಮಾಯಾ ಜನರ ಮನೆಮಾತು ಕಿಚೆ, ಕಕ್ಚಿಕೆಲ್ ಹೀಗೆ ಬೇರೆಯೇ ಇರುತ್ತೆ.

ಅದೇ ಗ್ವಾಟೆಮಾಲದಲ್ಲಿ 1946ರಿಂದ 1948ರ ತನಕ ಅಮೆರಿಕದ ಸರ್ಕಾರಿ ವೈದ್ಯರು ಕೈದಿಗಳು, ಸೈನಿಕರು, ಮಾನಸಿಕ ಆಸ್ಪತ್ರೆಯ ರೋಗಿಗಳಿಗೆ ಅವರ ಒಪ್ಪಿಗೆ ಇಲ್ಲದೆ ಬೇಕಂತಲೇ ಸಿಫಿಲಿಸ್‌ನಂಥ ಲೈಂಗಿಕ ರೋಗ ಅಂಟಿಸಿ ಪ್ರಯೋಗ ಮಾಡಿದ್ದರು. ಅದು ಬೆಳಕಿಗೆ ಬಂದು ಅಮೆರಿಕ ಕ್ಷಮೆ ಕೇಳಿದ್ದು 2010ರಲ್ಲಿ. ಅಲ್ಲಿಗೆ ಹೋಗುವ ಅಮೆರಿಕದ ವಿದ್ಯಾರ್ಥಿಗೆ ಇದು ಗೊತ್ತಿರಬೇಡವೇ? ಜನ ಯಾಕೆ ಅನುಮಾನದಿಂದ ನೋಡುತ್ತಾರೆ ಅಂತ ಆಗ ಅವನಿಗೆ ಬೇಸರ ಆಗುವುದಿಲ್ಲ.

ಇನ್ನೊಂದು ಲೆಕ್ಕ ಇದೆ, ಸಮಯದ್ದು. ನಮ್ಮ ಒಪಿಡಿಯಲ್ಲಿ ದಿನಕ್ಕೆ ಎಂಬತ್ತು ತೊಂಬತ್ತು ಜನ. ಡಾಕ್ಟರ್ ಒಬ್ಬರೇ. ಒಬ್ಬೊಬ್ಬ ರೋಗಿಯ ಮೇಲೂ ವಿದ್ಯಾರ್ಥಿಗೆ ಇಂಗ್ಲಿಷಿನಲ್ಲಿ ಎರಡು ನಿಮಿಷ ವಿವರಣೆ ಕೊಟ್ಟರೆ ಕೊನೆಯ ಇಪ್ಪತ್ತು ಜನರಿಗೆ ಸಂಜೆಯ ಬಸ್ಸು ತಪ್ಪುತ್ತೆ. ಅವರು ಆಸ್ಪತ್ರೆ ಜಗಲಿಯ ಮೇಲೆ ಮಲಗಬೇಕು, ಮನೆಯಲ್ಲಿ ಹಸು ಕರೆಯುವವರಿಲ್ಲ. ಕಲಿಸುವುದಕ್ಕೆ ಬೆಲೆ ಇದೆ, ಆ ಬೆಲೆಯನ್ನು ಕಳಿಸುವ ವಿಶ್ವವಿದ್ಯಾಲಯ ಕೊಡಬೇಕು. ಬೇರೆ ಡಾಕ್ಟರಿಗೆ ಸಂಬಳ ಆಗಿಯೋ, ದುಭಾಷಿಗೆ ಸಂಬಳ ಆಗಿಯೋ, ಇಲ್ಲಿನ ವಿದ್ಯಾರ್ಥಿಗಳಿಗೆ ಅಲ್ಲಿ ಕಲಿಯಲು ಅವಕಾಶ ಆಗಿಯೋ. ವರ್ಷಾನುಗಟ್ಟಲೆ ಒಂದೇ ಊರಿನ ಜೊತೆ ಸಂಬಂಧ ಇಟ್ಟುಕೊಂಡ ಕಡೆ ಇದು ಸಾಧ್ಯ ಆಗುತ್ತೆ. 1984ರಲ್ಲಿ ಶುರುವಾಗಿ ಸರಗೂರಿನಲ್ಲಿ ಆಸ್ಪತ್ರೆ ನಡೆಸುತ್ತಿರುವ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಜೊತೆ ಕಲಿಯಲು ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮೈಸೂರಿಗೆ ಬರುತ್ತಿದ್ದದ್ದು ಅಂಥ ಒಂದು ಉದಾಹರಣೆ.

ಸೂಟ್‌ಕೇಸಿನ ತುಂಬ ಔಷಧಿ ತರುವುದರ ಬಗ್ಗೆ ಒಂದೇ ಮಾತು: ಬೇಡ. ದಾನದ ಔಷಧಿ ಬಂದು ತಲುಪುವಾಗ ಕನಿಷ್ಠ ಒಂದು ವರ್ಷ ಬಾಳಿಕೆ ಇರಬೇಕು, ಲೇಬಲ್ ಅಲ್ಲಿನವರಿಗೆ ಅರ್ಥ ಆಗುವ ಭಾಷೆಯಲ್ಲಿರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಸ್ಯಾಂಪಲ್ ಮಾತ್ರೆಗಳಲ್ಲಿ ಅದು ಇರುವುದಿಲ್ಲ. ಸಂಶೋಧನೆ ಮಾಡುವವರೂ ಹಾಗೇ, ಸುಮ್ನೆ ಹತ್ತು ಪ್ರಶ್ನೆ ಕೇಳುವ ಸರ್ವೆ ಅಂದರೂ ಎರಡೂ ದೇಶದ ನೈತಿಕ ಸಮಿತಿಯ ಒಪ್ಪಿಗೆ ಬೇಕು. ನಮ್ಮಲ್ಲಿ ಅದಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಇದೆ. ಫೋಟೋ ವಿಷಯಕ್ಕೆ ನಾನು ಹೇಳುತ್ತಿದ್ದದ್ದು ಇಷ್ಟೇ: ನಿಮ್ಮ ತಂಗಿ ಆಸ್ಪತ್ರೆ ಮಂಚದ ಮೇಲಿದ್ದಾಗ ಗೊತ್ತಿಲ್ಲದವರು ಬಂದು ಅವಳ ಪಕ್ಕ ನಿಂತು ಫೋಟೋ ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕಿದರೆ ನಿಮಗೆ ಹೇಗನಿಸುತ್ತೆ?

ಇಷ್ಟು ಹೊತ್ತು ರೋಗಿಯ ಸುರಕ್ಷತೆ ಹೇಳಿದೆ. ಹೋಗುವ ಮಕ್ಕಳ ಸುರಕ್ಷತೆಯೂ ಅಷ್ಟೇ ಮುಖ್ಯ. ಎರಡೂ ಒಂದಕ್ಕೊಂದು ಅಂಟಿಕೊಂಡಿವೆ. ತರಬೇತಿ ಇಲ್ಲದ ಕೈ ರೋಗಿಗೆ ಚುಚ್ಚುವ ಹಾಗೇ ತನಗೂ ಚುಚ್ಚಿಕೊಳ್ಳುತ್ತೆ. ಎಚ್‌ಐವಿ ಇರುವವರಿಗೆ ಬಳಸಿದ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಾಧ್ಯತೆ ಸುಮಾರು ಸಾವಿರಕ್ಕೆ 3. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ನೂರಕ್ಕೆ 30ರವರೆಗೂ ಹೋಗುತ್ತೆ. ಎಷ್ಟು ವ್ಯತ್ಯಾಸ ನೋಡಿ. ಎಲ್ಲರೂ ಎಚ್‌ಐವಿಗೆ ಹೆದರುತ್ತಾರೆ, ಹೆಪಟೈಟಿಸ್ ಬಿ ಲಸಿಕೆ ಮರೆಯುತ್ತಾರೆ. ಆ ಲಸಿಕೆ ಮೂರು ಡೋಸ್: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ಅಂದರೆ ಜುಲೈನಲ್ಲಿ ಹೊರಡುವವರು ಜನವರಿಯಲ್ಲೇ ಶುರು ಮಾಡಬೇಕು. ಟಿಕೆಟ್ ಬುಕ್ ಮಾಡಿದ ಮೇಲೆ ನೆನಪಾದರೆ ಪ್ರಯೋಜನ ಇಲ್ಲ. ಸೂಜಿ ಚುಚ್ಚಿದರೆ ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಮೊದಲ ಕೆಲವು ಗಂಟೆಯಲ್ಲೇ ಆದರೆ ಇನ್ನೂ ಒಳ್ಳೆಯದು, 28 ದಿನ ನುಂಗಬೇಕು. ಆ ಮಾತ್ರೆ ಹತ್ತಿರದಲ್ಲಿ ಎಲ್ಲಿ ಸಿಗುತ್ತೆ, ರಾತ್ರಿ ಹತ್ತಕ್ಕೆ ಯಾರಿಗೆ ಫೋನ್ ಮಾಡಬೇಕು ಅನ್ನುವುದು ಚೀಟಿಯಲ್ಲಿ ಬರೆದು ಜೇಬಲ್ಲಿರಬೇಕು. ಚುಚ್ಚಿಕೊಂಡದ್ದನ್ನು ನಾಚಿಕೆಯಿಂದ ಮುಚ್ಚಿಡುವವರು ಇದ್ದಾರೆ. ಬೈಯುವುದಿಲ್ಲ ಅಂತ ಮೊದಲೇ ಹೇಳಿಟ್ಟರೆ ಮಾತ್ರ ಅವರು ಬಂದು ಹೇಳುತ್ತಾರೆ.

ಆದರೆ ಗಟ್ಟಿಮುಟ್ಟಾದ ಹುಡುಗರಿಗೆ ದೊಡ್ಡ ಅಪಾಯ ರೋಗಾಣುವಿನಿಂದ ಬರುವುದಿಲ್ಲ, ರಸ್ತೆಯಿಂದ ಬರುತ್ತೆ. ಜಗತ್ತಿನಲ್ಲಿ 5ರಿಂದ 29 ವರ್ಷದವರ ಸಾವಿಗೆ ಮೊದಲ ಕಾರಣ ರಸ್ತೆ ಅಪಘಾತ. ಹೆಲ್ಮೆಟ್ ಇಲ್ಲದೆ ಬಾಡಿಗೆ ಬೈಕ್ ಹತ್ತುವುದು, ರಾತ್ರಿ ಪ್ರಯಾಣ, ಜೀಪಿನ ಹಿಂದೆ ನೇತಾಡುವುದು. ತಮ್ಮೂರಿನಲ್ಲಿ ಸೀಟ್‌ಬೆಲ್ಟ್ ಹಾಕದೆ ಕಾರು ಸ್ಟಾರ್ಟ್ ಮಾಡದವರು ಇಲ್ಲಿ ಬಂದ ಎರಡನೇ ದಿನವೇ ಬಸ್ಸಿನ ಫುಟ್‌ಬೋರ್ಡಿನಲ್ಲಿ ನಿಂತಿರುತ್ತಾರೆ. ನಾನು ಬಂದವರ ಫೋನಿನಲ್ಲಿ ಮೊದಲು 108 ಮತ್ತು 112 ಸೇವ್ ಮಾಡಿಸುತ್ತಿದ್ದೆ. ನಾಯಿ ಕಚ್ಚಿದರೆ, ಪರಚಿದರೂ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಬೇಕು, ನಾಳೆ ನೋಡೋಣ ಅನ್ನಬಾರದು ಅಂತಲೂ ಹೇಳುತ್ತಿದ್ದೆ. ಹುಡುಗಿಯರಿಗೆ ಯಾರಾದರೂ, ಆಸ್ಪತ್ರೆಯ ಸಿಬ್ಬಂದಿಯೇ ಆಗಲಿ, ಅಸಭ್ಯವಾಗಿ ನಡೆದುಕೊಂಡರೆ ಹೇಳಿಕೊಳ್ಳಲು ಒಬ್ಬ ಹೆಂಗಸಿನ ಹೆಸರು ಮತ್ತು ನಂಬರ್ ಕೊಟ್ಟಿರಬೇಕು. "ಅವರ ಸಂಸ್ಕೃತಿ ಹಾಗಿರಬಹುದು" ಅಂತ ಸಹಿಸಿಕೊಂಡವರು ಇದ್ದಾರೆ. ಅದು ಯಾರ ಸಂಸ್ಕೃತಿಯೂ ಅಲ್ಲ.

ನಮ್ಮ ಕಡೆಯಿಂದ ಉಗಾಂಡ, ಕೀನ್ಯಾದಂಥ ದೇಶಕ್ಕೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ 10 ದಿನ ಮೊದಲು ಹಾಕಿಸಿಕೊಂಡು ಸರ್ಟಿಫಿಕೇಟ್ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ವಾಪಸ್ ಬಂದಾಗ ನಮ್ಮ ಸರ್ಕಾರವೇ 6 ದಿನದವರೆಗೆ ಕ್ವಾರಂಟೈನ್ ಮಾಡಬಹುದು. ಮಲೇರಿಯಾ ಮಾತ್ರೆ ಹೋಗುವ ಮೊದಲೇ ಶುರು ಆಗಬೇಕು, ಬಂದ ಮೇಲೂ ಮುಂದುವರಿಯಬೇಕು. ವಾರ್ಡಿನಲ್ಲಿ ಕೆಲಸ ಮಾಡಿದವರು ವಾಪಸಾಗಿ 8ರಿಂದ 10 ವಾರಕ್ಕೆ ಕ್ಷಯದ ಪರೀಕ್ಷೆ ಮಾಡಿಸಬೇಕು.

ರೋಗ ಬರೀ ಅಲ್ಲಿಂದ ಇಲ್ಲಿಗೆ ಬರುವುದಿಲ್ಲ, ನಾವೂ ತೆಗೆದುಕೊಂಡು ಹೋಗುತ್ತೇವೆ. ಹೈಟಿಯಲ್ಲಿ 2010ರ ಭೂಕಂಪದ ನಂತರ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಶಿಬಿರದ ಕೊಳಚೆ ನದಿಗೆ ಸೇರಿ ಕಾಲರಾ ಹರಡಿತು. 8 ಲಕ್ಷಕ್ಕೂ ಹೆಚ್ಚು ಜನರಿಗೆ ಬಂತು, ಸುಮಾರು 10 ಸಾವಿರ ಜನ ಸತ್ತರು. ವಿಶ್ವಸಂಸ್ಥೆ ಕ್ಷಮೆ ಕೇಳಿದ್ದು 2016ರಲ್ಲಿ. ಸಹಾಯಕ್ಕೆಂದೇ ಹೋದವರಿಂದ ಆದದ್ದು ಇದು. ಹಾಗಾಗಿ ಜ್ವರ, ಕೆಮ್ಮು, ಭೇದಿ ಇರುವ ವಿದ್ಯಾರ್ಥಿ ಆ ದಿನ ವಾರ್ಡಿಗೆ ಕಾಲಿಡಬಾರದು. ರಜೆಯ ಒಂದು ದಿನ ವ್ಯರ್ಥ ಆಯಿತು ಅಂತ ಬಂದುಬಿಡುತ್ತಾರೆ, ಅದನ್ನು ತಡೆಯಬೇಕು.

ತಂಗಿ ಎಲ್ಲ ಕೇಳಿ, "ಹಾಗಾದ್ರೆ ಬರೋದೇ ಬೇಡ್ವಾ ಅಕ್ಕಾ?" ಅಂದಳು. ಖಂಡಿತ ಬರಲಿ ಅಂದೆ. ದೊಡ್ಡಪ್ಪನ ಪಕ್ಕ ಕೋಟಿಲ್ಲದೆ ಕೂತು ನೋಡಲಿ. ಚೀಟಿ ಕೌಂಟರಿನಲ್ಲಿ ಒಂದು ವಾರ ಕೂರಲಿ, ಯಾರು ಎಷ್ಟು ದೂರದಿಂದ ಬರುತ್ತಾರೆ, ದುಡ್ಡಿಲ್ಲದೆ ಯಾರು ವಾಪಸ್ ಹೋಗುತ್ತಾರೆ ಅಂತ ಗೊತ್ತಾಗುತ್ತೆ. ಆಶಾ ಕಾರ್ಯಕರ್ತೆಯ ಹಿಂದೆ ಮನೆ ಮನೆಗೆ ಹೋಗಲಿ, ಅವಳ ಚೀಲ ಹೊರಲಿ. ಬಿಪಿ ಮಾತ್ರೆ ಬಿಟ್ಟ ಅಜ್ಜಿಯನ್ನು ಮತ್ತೆ ಮಾತ್ರೆಗೆ ತಂದದ್ದು ಯಾವ ಡಾಕ್ಟರೂ ಅಲ್ಲ, ಅಂಥ ಒಬ್ಬ ಆಶಾ ಕಾರ್ಯಕರ್ತೆ. ದಿನಾ ಸಂಜೆ ಅಜ್ಜಿಯ ಮನೆ ಮುಂದೆ ಕೂತು, ಕಾಫಿ ಕುಡಿದು, ಮಾತ್ರೆ ನುಂಗಿಸಿ ಎದ್ದು ಬರುತ್ತಿದ್ದಳು. ಹೇಗೆ ಮಾಡಿದೆ ಅಂತ ಅವಳನ್ನು ಕೇಳಿ ತಿಳಿಯುವುದಕ್ಕೇ ಒಂದು ತಿಂಗಳು ಬೇಕು.

ಮೊನ್ನೆ ಹುಡುಗನೇ ವಿಡಿಯೋ ಕಾಲ್ ಮಾಡಿದ್ದ. ಮನೆಯಲ್ಲಿ ಕನ್ನಡ ಕೇಳಿ ಬೆಳೆದಿದ್ದಾನೆ, ಅರ್ಥ ಆಗುತ್ತೆ, ಮಾತಾಡಲು ನಾಚಿಕೆ. "ದೊಡ್ಡಮ್ಮಾ, ಆ ಸೆಂಟೆನ್ಸ್ ಹೇಳ್ಕೊಡಿ" ಅಂದ. ಹೇಳಿಕೊಟ್ಟೆ. ಒಂದು ಸಲ "ನಾನು ಡಾಕ್ಟರ್ ಇಲ್ಲ" ಅಂದ. ಇಲ್ಲ ಅಲ್ಲ ಮರಿ, ಅಲ್ಲ, ಅಂದೆ. ಅಲ್ಲ ಮತ್ತು ಇಲ್ಲದ ವ್ಯತ್ಯಾಸಕ್ಕೆ ಹತ್ತು ನಿಮಿಷ ಹಿಡಿಯಿತು. ಆಮೇಲೆ ನಿಧಾನವಾಗಿ, ಒಂದೊಂದೇ ಪದ ಎತ್ತಿಟ್ಟು ಹೇಳಿದ: "ನಾನು ಡಾಕ್ಟರ್ ಅಲ್ಲ ಅಜ್ಜಿ, ಇನ್ನೂ ಓದ್ತಾ ಇದ್ದೀನಿ. ಡಾಕ್ಟರನ್ನ ಕರೀಲಾ?"